ಗುರುತು ತೋರದ ನರ್ಸಬಾಯಿ

ಹೀರಾಬಾಯಿಯವರು ದಾರಿಯಲ್ಲಿ ಎದುರಾದ ಹೆಂಗಸರಿಗೆ ತಾವಾಗಿ ಎಂದೂ ಗುರುತು ತೋರಿಸಿದವರಲ್ಲ. ಅಂಕೋಲೆಯ ಪೇಟೆಯಲ್ಲಿ, ಬಸ್ಸಿನ ನೂಕುನುಗ್ಗಲಿನಲ್ಲಿ, ಮದುವೆಯ ಚಪ್ಪರದಲ್ಲಿ, ಮೊನ್ನೆಯಷ್ಟೇ ತಾವೇ ಹೆರಿಗೆ ಮಾಡಿಸಿದ ಬಾಣಂತಿ ಎದುರಿಗೆ ಬಂದು ನಿಂತರೂ ಅವರ ದೃಷ್ಟಿ ಅವಳ ಮುಖದ ಮೇಲಿಂದ ಮೆಲ್ಲಗೆ ಜಾರಿ ಹಿಂದಿನ ಅಂಗಡಿಯ ಬೋರ್ಡಿನ ಮೇಲೆ ನಿಲ್ಲುತ್ತಿತ್ತು. ಅವಳಾಗಿ ಕೈ ಹಿಡಿದು ‘ಬಾಯಿ, ಆರಾಮಾ?’ ಎಂದರೆ ಮಾತ್ರ ‘ಓ, ನೀನಾ’ ಎನ್ನುವರು. ಅವಳು ತಲೆ ತಗ್ಗಿಸಿ ದಾಟಿಹೋದರೆ ಅವರೂ ದಾಟಿಹೋಗುವರು. ಊರಿಗೆ ಹೊಸಬರಾದವರು ಇದನ್ನು ಸೊಕ್ಕೆಂದು ಭಾವಿಸಿದ್ದುಂಟು. ಹಳಬರಿಗೆ ಗೊತ್ತಿತ್ತು: ‘ನರ್ಸಬಾಯಿಗೆ ನಿನ್ನ ಗುರುತು ಹ್ಯಾಗೆ?’ ಎಂಬ ಒಂದೇ ಪ್ರಶ್ನೆಯಿಂದ ಬದುಕು ಬುಡಮೇಲಾಗಬಹುದಾದ ಹೆಂಗಸರು ಆ ಸೀಮೆಯಲ್ಲಿ ಒಬ್ಬಿಬ್ಬರಿರಲಿಲ್ಲ. ಅವರನ್ನು ಕಾಯಲು ಹೀರಾಬಾಯಿ ಎಲ್ಲರಿಗೂ ಅಪರಿಚಿತರಾಗಿದ್ದರು.

ಕುಳ್ಳಗಿನ, ಗಟ್ಟಿಮುಟ್ಟಾದ ಮೈಕಟ್ಟು. ಗದ್ದೆಯ ಬದುವಿನ ಮೇಲೆ ನಡೆದು ನಡೆದು ಬಿಳಿಯ ಸೀರೆಯನ್ನು ಗೇಣುದ್ದ ಎತ್ತಿಯೇ ಉಡುವ ರೂಢಿ; ಔಷಧದ ಚೀಲ ಹೊತ್ತ ಬಲಹೆಗಲು ಕೆಳಗಿಳಿದು, ಅದನ್ನು ಸರಿತೂಗಿಸಲೆಂದೋ ಏನೋ ತಲೆ ಎಡಕ್ಕೆ ವಾಲಿ, ದೂರದಿಂದ ನೋಡಿದವರಿಗೆ ಯಾರದೋ ಮಾತಿಗೆ ಕಿವಿಗೊಟ್ಟು ನಡೆಯುತ್ತಿದ್ದಾರೆ ಎನ್ನಿಸುವ ನಡಿಗೆ. ದವಡೆಯಲ್ಲಿ ಸದಾ ಒಂದು ಲವಂಗ. ಮಾತಾಡಬೇಕಾದರೆ ಅದನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸರಿಸಬೇಕು. ಆ ಸರಿಸುವಷ್ಟು ಹೊತ್ತಿನಲ್ಲಿ ಅರ್ಧ ಮಾತುಗಳು ಆಡುವ ಅಗತ್ಯವನ್ನೇ ಕಳೆದುಕೊಳ್ಳುತ್ತಿದ್ದವು. ಉಳಿದವುಗಳ ಕೊನೆಗೆ ಒಂದು ಮುದ್ರೆ ಬೀಳುತ್ತಿತ್ತು: ‘ಆಯ್ತು, ಮುಗೀತು.’ ಹೆರಿಗೆಯಾದರೂ ಅದೇ, ಸೂಜಿ ಚುಚ್ಚಿದರೂ ಅದೇ, ಯಾರಾದರೂ ಎದುರಿಗೆ ಕೂತು ಅತ್ತು ಅತ್ತು ತಮ್ಮ ಪಾಡನ್ನೆಲ್ಲ ಹೇಳಿ ಮುಗಿಸಿದರೂ ಅದೇ.

ಹುಟ್ಟಿದ್ದು ಕಾರವಾರದ ಹಣಕೋಣದಲ್ಲಿ. ಬಂದರಿನಲ್ಲಿ ಕೆಲಸಕ್ಕಿದ್ದ ಗಂಡ ಕಾಮಾಲೆಯಿಂದ ತೀರಿಕೊಂಡಾಗ ಮಗಳು ರಂಜನಾ ಇನ್ನೂ ಅಂಬೆಗಾಲಿಡುತ್ತಿದ್ದಳು. ಸರಕಾರದ ನರ್ಸ್ ತರಬೇತಿ ಮುಗಿಸಿ, ಗಂಗಾವಳಿ ನದಿಯ ದಂಡೆಯ ಹೊನ್ನೆಬೇಣವೆಂಬ ಹಳ್ಳಿಯ ಆರೋಗ್ಯ ಉಪಕೇಂದ್ರಕ್ಕೆ ಬಂದವರು ವರ್ಗದ ಆದೇಶ ಬಂದಾಗಲೆಲ್ಲ ಊರವರೇ ಹೋಗಿ ತಡೆಸಿದ್ದರಿಂದ ಸೇವೆಯ ಬಹುಪಾಲನ್ನು ಅಲ್ಲಿಯೇ ಕಳೆದರು. ಮನೆಮಾತು ಕೊಂಕಣಿ, ಆದರೆ ಹೊನ್ನೆಬೇಣದ ಕನ್ನಡ ಅವರ ನಾಲಿಗೆಗೆ ಎಷ್ಟು ಒಗ್ಗಿತ್ತೆಂದರೆ ಬೈಯುವುದಕ್ಕೂ ಸಮಾಧಾನ ಹೇಳುವುದಕ್ಕೂ ಅದೇ ಬೇಕಾಗುತ್ತಿತ್ತು.

ಅವರಿಂದ ಮಾತು ಹೊರಡಿಸಲು ಯತ್ನಿಸಿ ಸೋತವರ ಕತೆಗಳು ಆ ಊರಲ್ಲಿ ಬಹಳ. ಹೊಳೆದಂಡೆಯ ಉಪ್ಪುನೀರಿನ ಗಜನಿ ಗದ್ದೆಗಳ ಒಡೆಯರಾದ ಪ್ರಮುಖರೊಬ್ಬರು ಒಂದು ಮಧ್ಯಾಹ್ನ ಉಪಕೇಂದ್ರಕ್ಕೆ ಬಂದು, ಕುರ್ಚಿ ಎಳೆದು ಕೂತು, ತಮ್ಮ ಸೊಸೆ ಹಿಂದಿನ ವಾರ ಇಲ್ಲಿಗೆ ಬಂದದ್ದು ಏತಕ್ಕೆಂದು ತಿಳಿಯಬೇಕೆಂದರು. ಹೀರಾಬಾಯಿ ಲವಂಗ ಸರಿಸಿ, ‘ನಿಮ್ಮ ಬಿ.ಪಿ. ನೋಡದೆ ಬಹಳ ದಿನ ಆಯ್ತು, ಕೈ ಕೊಡಿ’ ಎಂದು ತೋಳಿಗೆ ಪಟ್ಟಿ ಸುತ್ತಿ, ಅವರ ಪ್ರಶ್ನೆ ಗಂಟಲಲ್ಲೇ ಆರುವ ತನಕ ಗಾಳಿ ಒತ್ತಿದರಂತೆ. ‘ಸಿಟ್ಟು ಕಡಿಮೆ ಮಾಡಿ, ಉಪ್ಪು ಕಡಿಮೆ ಮಾಡಿ. ಆಯ್ತು, ಮುಗೀತು.’ ಆ ಸೊಸೆ ಯಾತಕ್ಕೆ ಬಂದಿದ್ದಳೆಂಬುದು ಇಂದಿಗೂ ಯಾರಿಗೂ ತಿಳಿಯದು.

ರಂಜನಾಳಿಗೆ ನೆನಪಿರುವುದು ಇನ್ನೊಂದು. ಅವಳಾಗ ಹೈಸ್ಕೂಲಿನ ಮೊದಲ ವರ್ಷದಲ್ಲಿದ್ದಳು. ಉಪಕೇಂದ್ರಕ್ಕೆ ಅಂಟಿದ ಎರಡು ಕೋಣೆಯ ವಸತಿಯ ಹಿಂಬದಿಯ ಕೋಣೆಗೆ ಒಬ್ಬ ಹುಡುಗಿ ಬಂದು ಸೇರಿಕೊಂಡಳು. ಕಾರವಾರದ ಕಡೆಯ ನೆಂಟರ ಹುಡುಗಿ, ಮೈಮೇಲೆ ಅಮ್ಮ ಎದ್ದಿದ್ದಾಳೆ, ಯಾರೂ ಹತ್ತಿರ ಬರಬೇಡಿ ಎಂದು ರಂಜನಾಳ ಆಯಿ ಹೀರಾಬಾಯಿ ಊರಿಗೆಲ್ಲ ಹೇಳಿದ್ದರು. ಗಂಜಿ ಕೊಡಲು ಹೋಗುತ್ತಿದ್ದ ರಂಜನಾಳಿಗೆ ಹುಡುಗಿಯ ಮೈಮೇಲೆ ಒಂದು ಗುಳ್ಳೆಯೂ ಕಾಣಲಿಲ್ಲ. ಕಂಡದ್ದು ತುಂಬಿದ ಹೊಟ್ಟೆ. ಮತ್ತು ಅವಳು ನೆಂಟರವಳಾಗಿರಲಿಲ್ಲ. ಅದೇ ಊರಿನ, ತಾಯಿಯಿಲ್ಲದ, ಮದುವೆಯೂ ಆಗಿರದ ಗಂಗೂ. ಕಾರವಾರದಲ್ಲಿ ನರ್ಸಬಾಯಿಯ ಗುರುತಿನವರ ಮನೆಗೆಲಸಕ್ಕೆ ಹೋಗಿದ್ದಾಳೆಂದು ಅವಳ ಅಪ್ಪನನ್ನು ನಂಬಿಸಿದವಳು, ಅವಳನ್ನು ಸೆರಗಿನ ಮರೆಯಲ್ಲಿ ಕರೆತಂದು ಬಿಟ್ಟವಳು ನೆರೆಮನೆಯ ಮಾದೇವಿ. ಗಂಗೂಗಿಂತ ಎರಡು ಮಳೆಗಾಲ ದೊಡ್ಡವಳು, ಅವಳಿಗೂ ಆಗಿನ್ನೂ ಮದುವೆಯಾಗಿರಲಿಲ್ಲ. ಸಂಜೆಗೊಮ್ಮೆ ಹರಿವೆಸೊಪ್ಪಿನ ಕಟ್ಟು ಹಿಡಿದು, ನರ್ಸಬಾಯಿಗೆ ಸೊಪ್ಪು ಕೊಡುವ ನೆಪದಲ್ಲಿ ಬಂದು, ಗಂಗೂವಿನ ತಲೆ ಬಾಚಿ ಹೋಗುತ್ತಿದ್ದಳು. ಕೂಸು ಹುಟ್ಟಿದಾಗ ಜೀವವಿರಲಿಲ್ಲ. ಅದನ್ನು ಆಯಿ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಎಲ್ಲಿಗೋ ಹೋಗಿ ಬರಿಗೈಯಲ್ಲಿ ಬಂದರು. ಬಂದವರು ಮಗಳ ಗಲ್ಲ ಹಿಡಿದೆತ್ತಿ ಹೇಳಿದರು: ‘ನೀನು ಯಾರನ್ನೂ ನೋಡಿಲ್ಲ. ಆಯ್ತು, ಮುಗೀತು.’

ಕೆಲವು ವರ್ಷಗಳ ನಂತರ ಅದೇ ಗಂಗೂ, ಕೊರಳಲ್ಲಿ ಕರಿಮಣಿ, ಪಕ್ಕದಲ್ಲಿ ಕಟ್ಟುನಿಟ್ಟಿನ ಅತ್ತೆ, ಬಸುರಿಯಾಗಿ ಉಪಕೇಂದ್ರದ ಬೆಂಚಿನ ಮೇಲೆ ಕೂತಿದ್ದಳು. ಅವಳ ಮುಖ ಸುಣ್ಣದ ಗೋಡೆಯಾಗಿತ್ತು. ಹೀರಾಬಾಯಿ ಹೆಸರು ಕೇಳಿದರು, ಗಂಡನ ಹೆಸರು ಕೇಳಿದರು, ಎಂದೂ ಕಾಣದವಳನ್ನು ನೋಡುವ ಹಾಗೆ ಮುಖ ನೋಡಿದರು. ಆಮೇಲೆ ಅತ್ತೆಯ ಕಡೆ ತಿರುಗಿ, ‘ಚೊಚ್ಚಲು, ಅಲ್ವಾ?’ ಎಂದರು. ‘ಹೌದು ಬಾಯಿ, ಚೊಚ್ಚಲು’ ಎಂದಳು ಅತ್ತೆ ಹೆಮ್ಮೆಯಿಂದ. ಜಗುಲಿಯ ಮೇಲೆ ಓದುತ್ತ ಕೂತಿದ್ದ ರಂಜನಾ ಅಂದು ತನ್ನ ತಾಯಿಯನ್ನು ಮೊದಲ ಬಾರಿಗೆ ಕಂಡಳೆಂದರೂ ಸಲ್ಲುತ್ತದೆ.

ನಿವೃತ್ತಿಯಾದ ಮೇಲೆ ಹೀರಾಬಾಯಿ ಮಗಳ ಜೊತೆ ಕಾರವಾರದ ಕೋಡಿಬಾಗದಲ್ಲಿ ನೆಲೆಸಿದರು. ಅಳಿಯ ಸಂಕೇತನಿಗೆ ಕೈಗಾದಲ್ಲಿ ನೌಕರಿ. ಕಂಪನಿಯ ಬಸ್ಸು ಅವನನ್ನು ಬೆಳಿಗ್ಗೆ ಒಯ್ದರೆ ಸಂಜೆಗೆ ತಂದುಬಿಡುತ್ತಿತ್ತು. ರಂಜನಾ ಅಂಚೆ ಕಚೇರಿಯಲ್ಲಿದ್ದಳು. ಹೀರಾಬಾಯಿ ಬಂಗಡೆಯ ಹುಳಿ ಮಾಡಿಟ್ಟು, ಕೊಡೆ ಹಿಡಿದು ಕಾಳಿ ನದಿಯ ದಂಡೆಯ ತನಕ ಹೋಗಿ ಬಂದು, ಯಾರ ಗೊಡವೆಗೂ ಹೋಗದೆ ದಿನ ಕಳೆಯುತ್ತಿದ್ದರು. ಹಾಗಿರುವಾಗ ಒಂದು ವರ್ಷ, ಮಳೆ ಹಿಂದೆಗೆದ ಸುಮಾರಿಗೆ, ಅವರಲ್ಲೊಂದು ಬದಲಾವಣೆ ತೋರಿತು. ದಾರಿಯಲ್ಲಿ ಎದುರಾದವರನ್ನು ಮಾತಾಡಿಸತೊಡಗಿದರು.

ನೆರೆಯವರು ಸಂತೋಷಪಟ್ಟರು. ನರ್ಸಬಾಯಿ ಈಗ ಎಷ್ಟು ಸಲಿಗೆಯವರಾಗಿದ್ದಾರೆ, ನೌಕರಿಯ ಬಿಗಿ ಬಿಟ್ಟಿತು ನೋಡಿ ಎಂದರು. ರಂಜನಾಳೂ ಹಿಗ್ಗಿದಳು, ಒಂಟಿ ಬಾಳಿನ ಕೊನೆಗಾದರೂ ಆಯಿ ನಾಲ್ಕು ಜನರೊಡನೆ ಬೆರೆಯುವ ಹಾಗಾಯಿತಲ್ಲ ಎಂದುಕೊಂಡಳು. ಯಾರ ಕಣ್ಣಿಗೂ ಅದು ರೋಗವಾಗಿ ಕಾಣಲಿಲ್ಲ. ನೆನಪು ಕೆಟ್ಟವರು ಗುರುತು ಮರೆಯುತ್ತಾರೆಂದು ಜನ ಬಲ್ಲರು. ಗುರುತು ಹಿಡಿಯುವುದೇ ಕೆಡುಕಿನ ಮೊದಲ ಲಕ್ಷಣವಾದೀತೆಂದು ಯಾರು ತಾನೆ ಊಹಿಸಿಯಾರು?

ಉಳಿದವು ಆಮೇಲೆ ಒಂದೊಂದಾಗಿ ಬಂದವು. ಹುಳಿಗೆ ಎರಡು ಸಲ ಉಪ್ಪು ಬಿತ್ತು. ಗ್ಯಾಸಿನ ಒಲೆಯ ಮೇಲೆ ಕತ್ತರಿ, ಚಮಚ, ಸಂಕೇತನ ಶೇವಿಂಗ್ ಬ್ಲೇಡು ಎಲ್ಲ ಒಂದೇ ಪಾತ್ರೆಯಲ್ಲಿ ಕುದಿದು ನೀರಾರಿ ಕರಕಲಾದವು. ‘ಲಸಿಕೆಯ ಡಬ್ಬ ಬಂತಾ?’ ಎಂದು ಕೇಳಿ, ಬಂದಿಲ್ಲವೆಂದರೆ ಚಡಪಡಿಸಿ, ಮತ್ತೆ ಕೇಳುವರು. ರಂಜನಾ ಒಮ್ಮೆ ರೇಗಿ, ‘ಎಷ್ಟು ಸಲ ಹೇಳೂದು ಆಯೀ, ನೀನು ರಿಟೈರ್ ಆಗಿದ್ದೀ!’ ಎಂದಳು. ಹೀರಾಬಾಯಿ ಅವಮಾನಿತರಾದವರಂತೆ ಎದ್ದು ಒಳಗೆ ಹೋಗಿ, ಅರೆಗಳಿಗೆಯಲ್ಲಿ ಹೊರಬಂದು ಕೇಳಿದರು: ‘ಲಸಿಕೆಯ ಡಬ್ಬ ಬಂತಾ?’

ಗೋವೆಯ ಆಸ್ಪತ್ರೆಯೊಂದರಲ್ಲಿ ತೋರಿಸಿದ್ದಾಯಿತು. ತರುಣ ವೈದ್ಯ ಹೀರಾಬಾಯಿಯವರೊಡನೆ ಕೊಂಕಣಿಯಲ್ಲಿ ನಗುನಗುತ್ತ ಮಾತಾಡಿ, ಗಡಿಯಾರದ ಚಿತ್ರ ಬರೆಯಿಸಿ, ಆಮೇಲೆ ರಂಜನಾಳನ್ನು ಬೇರೆ ಕೂರಿಸಿ ವಿವರಿಸಿದ. ಇದಕ್ಕೆ ಡಿಮೆನ್ಶಿಯಾ ಎನ್ನುತ್ತಾರೆ. ಇದು ವಯಸ್ಸಿನ ಮರೆವಲ್ಲ, ಮೆದುಳು ಸವೆಯುವ ಬೇನೆ. ಹೊಸದು ಮೊದಲು ಹೋಗುತ್ತದೆ, ಹಳೆಯದು ಬಹುಕಾಲ ಉಳಿಯುತ್ತದೆ. ಆದರೆ ಇವರಲ್ಲಿ ಇನ್ನೊಂದೂ ಸವೆಯುತ್ತಿದೆ; ಯಾವ ಮಾತನ್ನು ಎಲ್ಲಿ ಆಡಬೇಕು, ಎಲ್ಲಿ ಆಡಬಾರದು ಎಂದು ತಡೆದು ನಿಲ್ಲಿಸುವ ಶಕ್ತಿ. ‘ಸುಮ್ಮನಿರೂದು ಅಂದ್ರೆ ಕೆಲಸವೇ ಇಲ್ಲ ಅಂತ ನಾವು ತಿಳೀತೇವೆ. ಮೆದುಳಿಗೆ ಅದು ದೊಡ್ಡ ಕೆಲಸ’ ಎಂದ. ಏಳುವಾಗ ಇನ್ನೊಂದು ಮಾತು ಸೇರಿಸಿದ: ‘ಮರೆತ ಜಾಗ ಖಾಲಿ ಉಳಿಯೂದಿಲ್ಲ, ಮೇಡಂ. ಕೈಗೆ ಸಿಕ್ಕ ತುಂಡು ತಂದು ಅಲ್ಲಿ ಜೋಡಿಸ್ತಾರೆ. ಸುಳ್ಳು ಹೇಳ್ತಿದ್ದಾರೆ ಅಂತ ಬೈಬೇಡಿ. ಅವರ ಮಟ್ಟಿಗೆ ಅದು ಕಣ್ಣಾರೆ ಕಂಡದ್ದೇ.’

ರಂಜನಾ ತಲೆಯಾಡಿಸಿ ಬಂದಳು. ಬಂದವಳು ಯಾರಿಗೂ ಹೇಳಲಿಲ್ಲ. ಕೇಳಿದವರಿಗೆ ಸ್ವಲ್ಪ ಶುಗರ್, ಸ್ವಲ್ಪ ನಿಶ್ಶಕ್ತಿ ಎಂದಳು. ನಮ್ಮ ಕಡೆ ತಲೆಯ ಬೇನೆಗಿರುವುದು ಒಂದೇ ಹೆಸರು, ಹುಚ್ಚು. ಆ ಹೆಸರನ್ನು ತಾಯಿಯ ಬೆನ್ನಿಗೆ ಹಚ್ಚಲು ಅವಳಿಗೆ ಮನಸ್ಸು ಬರಲಿಲ್ಲ. ಆದುದರಿಂದಲೇ, ಹೊನ್ನೆಬೇಣದ ಪರಿಚಯದವರೊಬ್ಬರ ಮಗಳ ಮದುವೆಗೆ ಅಂಕೋಲೆಯ ಸಭಾಭವನಕ್ಕೆ ಕರೆ ಬಂದಾಗ, ಹೋಗದಿದ್ದರೆ ನೂರು ಪ್ರಶ್ನೆ ಏಳುತ್ತವೆಂದು ಅಂಜಿ, ಅಕ್ಷತೆ ಹಾಕಿ ಊಟ ಮುಗಿಸಿ ಬಂದುಬಿಡೋಣ ಎಂದು ಆಯಿಗೆ ಇಸ್ತ್ರಿಯ ಸೀರೆ ಉಡಿಸಿ, ತಲೆಗೆ ಅಬ್ಬಲಿಗೆಯ ದಂಡೆ ಮುಡಿಸಲು ಹೋಗಿ, ವಿಧವೆಯೆಂದು ಅವರೇ ಬೇಡವೆಂದ ಮೇಲೆ ಸುಮ್ಮನಾಗಿ, ಕರೆದುಕೊಂಡು ಹೋದಳು.

ಸಭಾಭವನದಲ್ಲಿ ಹೀರಾಬಾಯಿ ಸುಖವಾಗಿದ್ದರು. ಹೆಂಗಸರು ಸುತ್ತ ಕುರ್ಚಿ ಎಳೆದು ಕೂತಿದ್ದರು. ಮಾದೇವಿ ಗಂಡ ಜಟ್ಟುವನ್ನು ಹಿಂದಿಟ್ಟುಕೊಂಡು, ಜನರ ನಡುವೆ ದಾರಿ ಮಾಡಿಕೊಂಡು ಬಂದು, ಬಗ್ಗಿ ಕಾಲು ಮುಟ್ಟಿದಳು. ನರೆತ ಕೂದಲು, ಮೊಮ್ಮಕ್ಕಳು ಕಂಡ ಮೈ. ಹೀರಾಬಾಯಿ ಅವಳ ಗಲ್ಲ ಹಿಡಿದೆತ್ತಿದರು. ಹಳೆಯ, ಸ್ಪಷ್ಟವಾದ, ಉಪಕೇಂದ್ರದ ದನಿಯಲ್ಲಿ ಹೇಳಿದರು:

‘ಹಾಲು ಕಟ್ಟಿದ್ರೆ ಬಟ್ಟೆ ಬಿಗಿಯಾಗಿ ಸುತ್ಕೋ ಮಾದೇವಿ, ಎರಡು ದಿನಕ್ಕೆ ಇಳೀತದೆ. ಸತ್ತು ಹುಟ್ಟಿದ್ದೇ ನಿನ್ನ ಪುಣ್ಯ. ಅಳಬೇಡ. ಮದುವೆ ಆದ ಮೇಲೆ ಮತ್ತೊಂದು ಹುಟ್ತದೆ. ಇಲ್ಲಿ ನಡೆದದ್ದು ನಿನ್ನ ಗಂಡ ಆಗೋನಿಗೆ ಗೊತ್ತಾಗೂದಿಲ್ಲ. ಆಯ್ತು, ಮುಗೀತು.’

ಆ ‘ಗಂಡ ಆಗೋನು’ ಮೂರು ಮಾರು ದೂರದಲ್ಲಿ ನಿಂತು ಕೇಳಿಸಿಕೊಂಡ. ವಾದ್ಯದವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ್ದ ಗಳಿಗೆ ಅದು. ಕೂತ ಹೆಂಗಸರ ಮುಖಗಳು ಒಂದೊಂದಾಗಿ ಮಾದೇವಿಯ ಕಡೆ ತಿರುಗಿದವು. ರಂಜನಾಳ ಕಣ್ಣು ಮಾತ್ರ ಎರಡನೆಯ ಸಾಲಿನ ತುದಿಗೆ ಹೋಯಿತು. ಅಲ್ಲಿ ಜರಿಸೀರೆಯುಟ್ಟು, ಮಡಿಲಲ್ಲಿ ಮೊಮ್ಮಗುವನ್ನಿಟ್ಟುಕೊಂಡು ಕೂತಿದ್ದ ಗಂಗೂ ಮಗುವಿನ ಟೊಪ್ಪಿಗೆಯ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದಳು, ಮತ್ತೆ ಬಿಚ್ಚಿದಳು. ತಲೆ ಎತ್ತಲಿಲ್ಲ. ಮಾದೇವಿಯೂ ಆ ಕಡೆ ನೋಡಲಿಲ್ಲ. ನಿಧಾನಕ್ಕೆ ಎದ್ದು ನಿಂತು, ‘ಬಾಯಿಗೆ ಆಯಾಸ ಆಗ್ಯದೆ, ನೀರು ಕೊಡು ತಂಗಿ’ ಎಂದಳು ರಂಜನಾಳಿಗೆ.

ಜಟ್ಟು ಹೆಂಡತಿಗೆ ಕೈ ಮಾಡಲಿಲ್ಲ, ಬೈಯಲೂ ಇಲ್ಲ. ಅವಳ ಕೈಯ ಊಟ ಬಿಟ್ಟ. ಜಗುಲಿಯ ಮೂಲೆಯಲ್ಲಿ ಮೂರು ಕಲ್ಲು ಹೂಡಿ ತನ್ನ ಗಂಜಿ ತಾನೇ ಕಾಸಿಕೊಳ್ಳತೊಡಗಿದ. ಒಲೆಯ ಹೊಗೆ ಊರಿಗೆಲ್ಲ ಕಾಣುವ ಹಾಗೆ ಎದ್ದಿತು. ಊರಿನ ಕಣ್ಣಿಗೆ ನರ್ಸಬಾಯಿ ಜೀವಮಾನದಲ್ಲಿ ಒಂದು ಹುಸಿ ಆಡಿದವರಲ್ಲ. ಅವರ ಬಾಯಿಂದ ಬಂದದ್ದನ್ನು ಅಲ್ಲವೆನ್ನುವ ಎದೆ ಹೊನ್ನೆಬೇಣದಲ್ಲಿ ಯಾರಿಗಿತ್ತು? ತಲೆಯೆಲ್ಲ ಬರಿದಾಗುತ್ತಿದ್ದ ಕಾಲಕ್ಕೆ, ಅಷ್ಟು ವರ್ಷ ಮೌನದಿಂದ ಕೂಡಿಸಿದ ನಂಬಿಕೆಯೆಲ್ಲ ಒಂದು ತಪ್ಪು ಹೆಸರಿನ ಬೆನ್ನಿಗೆ ನಿಂತುಬಿಟ್ಟಿತು.

ಆ ಒಲೆಯ ಸುದ್ದಿ ಕೋಡಿಬಾಗಕ್ಕೆ ತಲುಪುವ ಮೊದಲೇ ಗಂಗೂ ತಲುಪಿದಳು. ಚೀಲದಲ್ಲಿ ಒಳ್ಳೆಯ ಇಸವಾಣ ಮೀನು ತಂದಿದ್ದಳು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತಿದ್ದಳು.

‘ನರ್ಸಬಾಯಿನ ಹೊರಗೆ ಬಿಡಬೇಡ ರಂಜನಾ. ನಿನ್ನ ಕಾಲು ಹಿಡಿತೆ.’

‘ಮಾದೇವಿ ಅಕ್ಕ?’ ಎಂದಳು ರಂಜನಾ.

‘ಅವಳು ತಡ್ಕಂತದೆ’ ಎಂದಳು ಗಂಗೂ. ‘ಅವಳು ಅಂದೂ ಗಟ್ಟಿ, ಇಂದೂ ಗಟ್ಟಿ. ನನ್ನ ಕೈಲಿ ಆಗೂದಿಲ್ಲ ತಂಗಿ. ನಮ್ಮ ಮನೆಯವ್ರು ಜಟ್ಟುನಾಂಗೆ ಗಂಜಿ ಕಾಸ್ಕಂಡು ಕೂರೂ ಜನ ಅಲ್ಲ. ನನ್ನ ಮಗಳ ಮುಖ ನಾ ಹ್ಯಾಂಗೆ ನೋಡೂದು?’

ಬೈಯಬೇಕೆಂದು ರಂಜನಾಳ ನಾಲಿಗೆಯ ತುದಿಗೆ ಬಂದದ್ದು, ಎದುರಿಗಿದ್ದವಳು ಮೀನಿನ ಚೀಲವನ್ನು ಇನ್ನೂ ಕೆಳಗಿಡದೆ ನಿಂತದ್ದನ್ನು ಕಂಡು ಹಿಂದೆ ಸರಿಯಿತು. ಗಂಗೂ ಹೋದ ಮೇಲೆ ಅವಳು ಅಡಿಗೆಮನೆಯ ಕಟ್ಟೆಗೆ ಹಣೆ ಒತ್ತಿ ಅತ್ತಳು. ಹಿಂದಿನಿಂದ ಹೆಜ್ಜೆಯ ಸಪ್ಪಳವಾಯಿತು. ಹೀರಾಬಾಯಿ ಬಂದು ಮಗಳ ಬೆನ್ನ ಮೇಲೆ ಕೈಯಿಟ್ಟರು. ಆ ಕೈ ಬೆನ್ನಿನಿಂದ ಸೊಂಟಕ್ಕೆ, ಸೊಂಟದಿಂದ ಹೊಟ್ಟೆಗೆ, ಅಭ್ಯಾಸದ ಹಾದಿಯಲ್ಲಿ ಇಳಿಯಿತು.

‘ಎಷ್ಟು ತಿಂಗಳು?’ ಎಂದರು.

‘ಆಯೀ, ನಾನು ರಂಜನಾ.’

‘ಇರ್ಲಿ. ಹೆಸರು ಬೇಡ.’ ದನಿ ತೀರ ಮೆತ್ತಗಿತ್ತು. ‘ಹೆದರಬೇಡ ಮಗಾ. ನಾನು ಯಾರಿಗೂ ಹೇಳೂದಿಲ್ಲ.’

ರಂಜನಾ ಆ ಕೈಯನ್ನು ಹಾಗೆಯೇ ಹಿಡಿದುಕೊಂಡು ನಿಂತಳು. ಎಷ್ಟೋ ಹೆಂಗಸರು ಈ ಒಂದು ಮಾತಿನ ಭರವಸೆಯ ಮೇಲೆ ಬದುಕಿ ಉಳಿದಿದ್ದರು. ಮಾತು ಹಾಗೆಯೇ ಇತ್ತು, ಅದರ ಮೃದುತ್ವವೂ ಕುಂದಿರಲಿಲ್ಲ. ಅದನ್ನು ನಡೆಸಿಕೊಡುವವರು ಮಾತ್ರ ಒಳಗೆ ಇರಲಿಲ್ಲ.

ಮರುದಿನವೇ ಅವಳು ರಜೆ ಹಾಕಿ, ಆಯಿಯನ್ನು ನೆರೆಯವರ ವಶಕ್ಕೆ ಬಿಟ್ಟು, ಅಂಕೋಲೆಯಲ್ಲಿ ಬಸ್ಸು ಬದಲಿಸಿ ಹೊನ್ನೆಬೇಣಕ್ಕೆ ಹೋದಳು. ಮಾದೇವಿ ಹಿತ್ತಲಲ್ಲಿ ಕೂತು ನದಿಯಿಂದ ತಂದ ಬಳಚಿನ ಚಿಪ್ಪು ಬಿಡಿಸುತ್ತಿದ್ದಳು. ರಂಜನಾಳನ್ನು ಕಂಡು ಮಣೆ ಸರಿಸಿದಳು.

‘ನಾನು ಹೇಳ್ತೇನೆ ಮಾದೇವಿ ಅಕ್ಕ. ನಾನು ನೋಡಿದ್ದೇನೆ, ನನಗೆ ಗೊತ್ತಿದೆ. ಯಾರು ಅಂತ ಹೇಳಿಬಿಡ್ತೇನೆ.’

‘ಹೇಳೂದಾದ್ರೆ ನಾನೇ ಹೇಳ್ತಿರಲಿಲ್ವಾ? ನಿನ್ನ ತನಕ ಬಿಡ್ತಿದ್ನಾ?’ ಮಾದೇವಿಯ ಚಾಕು ನಿಲ್ಲಲಿಲ್ಲ. ‘ಒಂದು ಹೊರಸಿನ ಒಂದು ಕಾಲು ಮುರೀತು ಅಂತ ಉಳಿದ ಕಾಲನ್ನೂ ನಾವೇ ಮುರಿಯೂದಾ? ಅವಳು ಬಿದ್ದು ಸಾಯ್ತದೆ ತಂಗಿ. ನಾ ಸಾಯೂದಿಲ್ಲ.’

‘ಜಟ್ಟು ಮಾವ...’

‘ಅವ್ರು ಗಂಜಿಗೆ ಉಪ್ಪು ಹಾಕೂದು ಮರೀತ್ರು. ಅಷ್ಟೇ ನಂಗೆ ಬೇಜಾರು’ ಎಂದಳು ಮಾದೇವಿ. ಅಲ್ಲಿಗೆ ಅವಳ ದನಿ ಒಡೆಯಿತು. ಆದರೆ ಕೈ ಮುಂದಿನ ಚಿಪ್ಪನ್ನು ಎತ್ತಿಕೊಂಡಿತು.

ನಿಜ ಹೇಳುವ ದಾರಿ ಹೀಗೆ ಮುಚ್ಚಿದ ಮೇಲೆ ಉಳಿದದ್ದು ಒಂದೇ ದಾರಿ. ಹೇಳಿದವರ ಬೆಲೆಯನ್ನೇ ತೆಗೆಯಬೇಕು. ರಂಜನಾ ಎದ್ದು ಮುಂಬದಿಯ ಅಂಗಳಕ್ಕೆ ಹೋದಳು. ಜಗುಲಿಯ ಮೇಲೆ ಜಟ್ಟು ಒಲೆಗೆ ಸೌದೆ ದೂಡುತ್ತಿದ್ದ. ನೆರೆಯ ಮುದುಕಿ ಸುಬ್ಬಿ ಬೇಲಿಯ ಆಚೆ ನಿಂತು ಇಣುಕುತ್ತಿದ್ದಳು. ಇನ್ನಿಬ್ಬರು ಹೆಂಗಸರು ಕೊಡ ಇಳಿಸಿ ನಿಂತರು. ಇಷ್ಟು ದಿನ ಬಚ್ಚಿಟ್ಟದ್ದನ್ನು ಅವಳು ಅಲ್ಲಿ, ಉರಿಬಿಸಿಲಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ ಬಿಚ್ಚಿದಳು.

‘ನಮ್ಮ ಆಯಿಗೆ ತಲೆ ಸರಿ ಇಲ್ಲ. ಡಾಕ್ಟರು ಹೇಳಿದ್ದಾರೆ. ಅವಳಿಗೆ ನನ್ನ ಗುರುತೇ ಸಿಗೂದಿಲ್ಲ, ನನ್ನನ್ನೇ ಬಸುರಿ ಅಂತಾಳೆ. ಮೈಮೇಲೆ ಉಚ್ಚೆ ಮಾಡ್ಕೊಂತಾಳೆ. ಊಟ ಮಾಡಿದ ಗಳಿಗೆಗೆ ಊಟ ಹಾಕ್ಲಿಲ್ಲ ಅಂತ ಅಳ್ತಾಳೆ. ಯಾರದೋ ಕತೆ ಯಾರಿಗೋ ಜೋಡಿಸ್ತಾಳೆ. ಅವಳ ಮಾತು ಒಂದೂ ನಂಬಬೇಡಿ. ಜಟ್ಟು ಮಾವ, ನಿಮ್ಮ ಹೆಂಡತಿಯ ಮೇಲೆ ಬಂದದ್ದು ಹುಚ್ಚಿಯ ಮಾತು.’

ಆಡುತ್ತಿದ್ದಂತೆ ಅವಳಿಗೆ ತಾನು ತಾಯಿಯ ಸೀರೆಯನ್ನು ನಡುಬೀದಿಯಲ್ಲಿ ಸೆಳೆಯುತ್ತಿರುವಂತೆ ಭಾಸವಾಯಿತು. ಆದರೂ ನಿಲ್ಲಿಸಲಿಲ್ಲ, ನಂಬಿಸಬೇಕಾದರೆ ಅಷ್ಟೂ ಸೆಳೆಯಬೇಕಿತ್ತು. ಮುಗಿದಾಗ ಸುಬ್ಬಿ ಬೇಲಿಯಾಚೆಯಿಂದ ನಿಟ್ಟುಸಿರಿಟ್ಟು ಅಂದಳು:

‘ಹುಚ್ಚರ ಬಾಯಲ್ಲೇ ಅಲ್ವೇನೆ ಮಾರಾಯ್ತಿ ಖರೆ ಬರೂದು?’

ಜಟ್ಟು ತಲೆಯೆತ್ತಿ ರಂಜನಾಳನ್ನು ನೋಡಿದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ. ನಂಬಲು ಹಾತೊರೆದು ಕಾಲು ಊರಲು ನೆಲ ಸಿಗದವನ ನೋಟವಿತ್ತು. ‘ನಿನ್ನ ಆಯಿಯ ಮಾನ ನೀನೇ ತೆಗೆದೆ’ ಎಂದ. ‘ಸುಳ್ಳಿಗೆ ಯಾರೂ ಇಷ್ಟು ಮಾಡೂದಿಲ್ಲ. ಆದ್ರೂ...’ ಆ ‘ಆದ್ರೂ’ ಅಲ್ಲಿಯೇ ಉಳಿಯಿತು. ಮಳೆಗಾಲದ ನಡುವೆ ಒಂದು ದಿನ ಅವನು ಒದ್ದೆ ಸೌದೆಯೊಡನೆ ಹೆಣಗಿ ಸೋತು ಒಳಗೆ ಬಂದು ಮಣೆಯ ಮೇಲೆ ಕೂತನಂತೆ, ಮಾದೇವಿ ಬಡಿಸಿದಳಂತೆ. ಫೋನಿನಲ್ಲಿ ಅವಳೇ ಹೇಳಿದಳು: ‘ಉಂಡ್ರು. ಮಾತಿಲ್ಲ. ಇರ್ಲಿ.’ ಮಾತು ಮತ್ತೆ ಬಂದ ಸುದ್ದಿ ರಂಜನಾಳಿಗೆ ಎಂದೂ ಮುಟ್ಟಲಿಲ್ಲ.

ಕೋಡಿಬಾಗದ ಮನೆಗೆ ಕಬ್ಬಿಣದ ಗ್ರಿಲ್ ಬಾಗಿಲು ಬಂತು, ಅದಕ್ಕೆ ಬೀಗ ಬಂತು. ರಂಜನಾ ಸಂಬಳವಿಲ್ಲದ ರಜೆಯ ಮೇಲೆ ಮನೆಯಲ್ಲಿ ಉಳಿದಳು. ಹೀರಾಬಾಯಿ ಹಗಲೆಲ್ಲ ಗ್ರಿಲ್ ಹಿಡಿದು ನಿಂತು ದಾರಿಹೋಕರನ್ನು ಕೂಗಿ ಕರೆಯುವರು. ‘ಏ, ಬಾರೇ ಇಲ್ಲಿ, ರಕ್ತ ನಿಂತಿತಾ?’ ಎಂದು ಕಾಲೇಜಿಗೆ ಹೊರಟ ಹುಡುಗಿಯನ್ನು ಕೇಳುವರು. ಮೊದಲು ಸಲಿಗೆಗೆ ಹಿಗ್ಗಿದ್ದ ಜನ ರಸ್ತೆಯ ಆಚೆಬದಿಯಲ್ಲಿ ನಡೆಯತೊಡಗಿದರು. ಅಂಕೋಲೆಯಿಂದ ಆಗೀಗ ನೋಡಲು ಬರುತ್ತಿದ್ದ ಹಳೆಯ ಪರಿಚಯದ ಹೆಂಗಸರು ಬರುವುದು ನಿಂತಿತು. ಬರಬಾರದವನೊಬ್ಬ ಮಾತ್ರ ಬಂದ. ಹಲಸಿನಹಣ್ಣು ಹೊತ್ತು ತಂದು, ಕುಶಲ ಕೇಳಿ, ರಂಜನಾ ಚಹ ಮಾಡಲು ಒಳಗೆ ಹೋದ ಹೊತ್ತಿನಲ್ಲಿ ಹೀರಾಬಾಯಿಯ ಕಿವಿಗೆ ಬಾಗಿ, ‘ನಮ್ಮ ಅಣ್ಣನ ಹಿರಿಮಗ ಯಾರಿಗೆ ಹುಟ್ಟಿದ್ದು, ನಿಮಗೆ ಗೊತ್ತಲ್ಲ ಬಾಯಿ?’ ಎನ್ನುತ್ತಿದ್ದ, ಆಸ್ತಿಯ ಪಾಲಿನ ತಗಾದೆಯಿತ್ತಂತೆ. ಹೀರಾಬಾಯಿ ಉತ್ಸಾಹದಿಂದ ಬಾಯಿ ತೆರೆದಿದ್ದರು. ರಂಜನಾ ಚಹದ ತಟ್ಟೆಯನ್ನು ನೆಲಕ್ಕೆ ಬಿಟ್ಟು ಓಡಿಬಂದು ತನ್ನ ಅಂಗೈಯಿಂದ ತಾಯಿಯ ಬಾಯಿ ಮುಚ್ಚಿದಳು. ಅಂಗೈಯ ಕೆಳಗೆ ಆ ತುಟಿಗಳು ಆಡುತ್ತಲೇ ಇದ್ದವು. ಆ ಸ್ಪರ್ಶವನ್ನು ಅವಳು ಬಹುಕಾಲ ಕೈ ತೊಳೆದರೂ ಕಳೆಯಲಾರದೆ ಹೋದಳು.

ಬಳಿಕ ಬೇನೆ ತನ್ನ ಹಾದಿಯಲ್ಲಿ ಇಳಿಯುತ್ತ ಹೋಯಿತು. ಹೆಸರುಗಳು ಹೋದವು, ಆಮೇಲೆ ಕನ್ನಡ ಹೋಯಿತು, ಆಮೇಲೆ ಕೊಂಕಣಿಯೂ ಚೂರುಚೂರಾಗಿ ಉದುರಿತು. ಲವಂಗದ ರೂಢಿ ಉಳಿದಿತ್ತಾದ್ದರಿಂದ ಸಿಕ್ಕಿದ್ದನ್ನೆಲ್ಲ ದವಡೆಗೆ ಸೇರಿಸುವರು. ಗುಂಡಿ, ಮಾತ್ರೆಯ ಹಾಳೆ, ಗೋಡೆಯ ಚೂರು. ರಂಜನಾ ಬೆರಳು ಹಾಕಿ ತೆಗೆದರೆ ಬೆರಳನ್ನು ಕಚ್ಚುವರು. ಕೊನೆಗೆ ನುಂಗುವುದೇ ಮರೆತುಹೋಗಿ, ಗಂಜಿಯ ಗುಟುಕು ಶ್ವಾಸನಾಳಕ್ಕೆ ಇಳಿದು, ಜ್ವರ ಏರಿ, ಒಂದು ಮಧ್ಯಾಹ್ನ ಉಸಿರು ನಿಂತಿತು.

ಅಂದು ಬಂದ ಹೆಂಗಸರನ್ನು ಕಂಡು ಸಂಕೇತ ಬೆರಗಾದ. ಅಂಕೋಲೆಯಿಂದ, ಹೊಳೆಸಾಲಿನ ಹಳ್ಳಿಗಳಿಂದ, ಒಬ್ಬೊಬ್ಬರಾಗಿ, ಜೊತೆಯಿಲ್ಲದೆ ಬಂದರು. ಒಬ್ಬರು ಇನ್ನೊಬ್ಬರನ್ನು ಮಾತಾಡಿಸಲಿಲ್ಲ. ಯಾರ ಪೈಕಿ ಎಂದು ಕೇಳಿದರೆ, ‘ಹೀಗೇ, ಗುರುತು’ ಎಂದರು. ಮಾದೇವಿ ಸೀದಾ ಒಳಗೆ ಬಂದು, ಸೆರಗು ಸಿಕ್ಕಿಸಿ, ಹೆಣಕ್ಕೆ ನೀರೆರೆಯಲು ಕೈಹಚ್ಚಿದಳು. ಗಂಗೂ ಗೇಟಿನ ಹೊರಗೇ ನಿಂತಿದ್ದು, ಚಟ್ಟ ಎತ್ತಿದಾಗ ಕೈಮುಗಿದು, ಮುಖ ಮುಚ್ಚಿಕೊಂಡು ಹೋದಳು. ಅಷ್ಟು ಜನ ದುಃಖಕ್ಕೆ ಬಂದಿದ್ದರೋ, ಎಲ್ಲ ಮುಗಿಯಿತೆಂದು ಖಾತ್ರಿ ಮಾಡಿಕೊಳ್ಳಲು ಬಂದಿದ್ದರೋ, ರಂಜನಾಳಿಗೆ ಅವರ ಮುಖಗಳಿಂದ ತಿಳಿಯಲಿಲ್ಲ. ಎರಡೂ ಇದ್ದೀತು, ಒಂದೇ ಅಳುವಿನಲ್ಲಿ ಎರಡೂ ಹಿಡಿಸುತ್ತವೆ.

ಅವಳನ್ನು ಕಾಡುವುದು ಬೇರೆಯೇ ಒಂದು. ಆ ವರ್ಷಗಳಲ್ಲಿ ಆಯಿಯ ಬಾಯಿಂದ ಬಂದದ್ದನ್ನೆಲ್ಲ ಅವಳು ಕೇಳಿದ್ದಾಳೆ. ಯಾರ ಬಸಿರು, ಯಾರ ಬೇನೆ, ಯಾವ ಗಂಡ ಯಾವ ಹೆಂಡತಿಗೆ ಎಲ್ಲೆಲ್ಲಿ ಸುಟ್ಟ ಎಂಬುದನ್ನೆಲ್ಲ ಬೇಡವೆಂದರೂ ಕೇಳಿದ್ದಾಳೆ. ಕಾದು ಕೂತಿದ್ದಳು ಕೂಡ: ಹರೆಯದಲ್ಲೇ ವಿಧವೆಯಾದವಳು, ಗುರುತಿಲ್ಲದ ಊರಲ್ಲಿ ಒಂಟಿಯಾಗಿ ಬಾಳಿದವಳು, ಇವಳದೂ ಏನಾದರೂ ಬಂದೀತು, ಅಪ್ಪನ ಮೇಲಿನ ಒಂದು ಆಸೆ, ಯಾರದೋ ಮೇಲಿನ ಒಂದು ಸಿಟ್ಟು, ಒಂದು ಹಸಿವು, ಒಂದು ಅಳು. ಬರಲಿಲ್ಲ. ಅಷ್ಟೆಲ್ಲ ಸೋರಿದ್ದರಲ್ಲಿ ಹೀರಾಬಾಯಿಯದು ಎಂಬುದು ಒಂದು ಹನಿಯೂ ಇರಲಿಲ್ಲ.

ಪ್ರತಿ ಊರೂ ಇಂಥ ಒಬ್ಬರನ್ನು ಹುಡುಕಿಕೊಂಡು, ತನಗೆ ಹೊರಲಾಗದ್ದನ್ನು ಅವರ ಎದೆಗೆ ಹೊರಿಸಿ, ಹಗುರಾಗಿ ನಡೆಯುತ್ತದೆ. ಅವರ ಸಹನೆಯನ್ನು ನಾವು ಸ್ವಭಾವವೆಂದು ಕರೆದು ನಿಶ್ಚಿಂತರಾಗುತ್ತೇವೆ. ಅದು ದಿನದಿನದ ದುಡಿಮೆಯೆಂಬುದು ದುಡಿಯುವ ಕೈ ಬಿದ್ದ ದಿನವೇ ತಿಳಿಯುವುದು. ತಿಳಿದ ದಿನ ನಾವು ಮಾಡುವುದಾದರೂ ಏನು? ರಸ್ತೆಯ ಆಚೆಬದಿಗೆ ಸರಿಯುತ್ತೇವೆ, ಬಾಗಿಲಿಗೆ ಬೀಗ ಹಾಕೆನ್ನುತ್ತೇವೆ. ಅವರು ಕಡೆಯ ತನಕ ನಮ್ಮ ಮಾತನ್ನೇ ಆಡುತ್ತಾರೆ. ತಮ್ಮದನ್ನು ಇಟ್ಟುಕೊಳ್ಳಲು ಅವರಲ್ಲಿ ನಾವು ಎಂದೂ ಜಾಗ ಉಳಿಸಿರುವುದಿಲ್ಲ.